ಗೊಬ್ಬರ ಬೇಡದ ಬೀಜ

ಕೀಟಾಹಾರಿ ಗಿಡಗಳನ್ನು ನೋಡಲು ಬಂದವರೆಲ್ಲ ಮೊದಲು ಹುಡುಕುವುದು ಅವುಗಳ ಬಾಯಿಯನ್ನು. ವೀನಸ್ ಫ್ಲೈಟ್ರ್ಯಾಪಿನ ಎಲೆ ಮುಚ್ಚಿಕೊಳ್ಳುವುದನ್ನು ನೋಡಬೇಕು, ಹೂಜಿಗಿಡದೊಳಗೆ ಇರುವೆ ಬಿದ್ದಿದೆಯೇ ಎಂದು ಇಣುಕಬೇಕು, ಡ್ರಾಸೆರಾದ ಅಂಟಿಗೆ ಸೊಳ್ಳೆ ಸಿಕ್ಕಿಕೊಂಡಿದ್ದರೆ ಫೋಟೋ ತೆಗೆಯಬೇಕು. ಅದು ಸಹಜವೇ. ಬೇರೂರಿ ನಿಂತ ಗಿಡವೊಂದು ಹಾರುವ ಜೀವಿಯನ್ನು ಹಿಡಿದು ಅರಗಿಸಿಕೊಳ್ಳುತ್ತದೆ ಎಂಬುದಕ್ಕಿಂತ ದೊಡ್ಡ ಬೆರಗು ತೋಟದಲ್ಲಿ ಇನ್ನೇನಿದೆ? ಆದರೆ ಈ ಗಿಡಗಳನ್ನು ಬೀಜದಿಂದ ಬೆಳೆಸತೊಡಗಿದ ಮೇಲೆ ನನಗೆ ಬಾಯಿಗಿಂತ ಬೀಜದ ಮೇಲೆಯೇ ಪ್ರೀತಿ ಹೆಚ್ಚಾಗಿದೆ. ಬಾಯಿ ಗಿಡದ ಹೊಟ್ಟೆಪಾಡು. ಗಿಡ ಯಾವ ನೆಲದಿಂದ ಬಂತು, ಅಲ್ಲಿ ಚಳಿ ಎಷ್ಟು, ಮಳೆ ಯಾವಾಗ, ಕಾಡಿಗೆ ಬೆಂಕಿ ಬೀಳುತ್ತಿತ್ತೇ ಎಂಬುದನ್ನೆಲ್ಲ ಬೀಜ ಬಲ್ಲದು. ಅದಕ್ಕೆ ಗೊತ್ತಿರುವುದು ನಮಗೂ ಗೊತ್ತಾಗುವ ತನಕ ಅದು ಮೊಳೆಯುವುದಿಲ್ಲ.

ನಮ್ಮ ಮನೆಗೆ ಈ ಬೀಜಗಳು ಬರುವುದು ಅಂಚೆಯಲ್ಲಿ. ಬೆಂಗಳೂರಿನ ನರ್ಸರಿಗಳಲ್ಲಿ ಒಮ್ಮೊಮ್ಮೆ ಫ್ಲೈಟ್ರ್ಯಾಪ್ ಗಿಡವೋ ನೇತುಹಾಕಿದ ಹೂಜಿಗಿಡ ನೆಪೆಂಥಿಸ್ಸೋ ಕಣ್ಣಿಗೆ ಬೀಳುತ್ತದೆ. ಬೀಜ ಬೇಕೆಂದರೆ ಈ ಗಿಡಗಳ ಹುಚ್ಚು ಹಿಡಿದ ಬೆಳೆಗಾರರನ್ನೇ ಕೇಳಬೇಕು. ನನಗೆ ಕಳಿಸುವವನು ಶಿರಸಿ ಕಡೆಯ ಹುಡುಗ. ಮನೆಯ ಪಕ್ಕ ಪ್ಲಾಸ್ಟಿಕ್ ಮಾಡು ಇಳಿಸಿ ಅದರ ಕೆಳಗೆ ತಟ್ಟೆಗಟ್ಟಲೆ ಡ್ರಾಸೆರಾ ಬೆಳೆಸುತ್ತಾನೆ, ತಾನೇ ಕೊಯ್ದ ಬೀಜವನ್ನು ಮಾತ್ರ ಮಾರುತ್ತಾನೆ. ಮೊದಲ ಸಲ ಫೋನ್ ಮಾಡಿದಾಗ ದುಡ್ಡಿನ ಮಾತಿಗೂ ಮುಂಚೆ, "ಅಕ್ಕಾ, ನಿಮ್ಮಲ್ಲಿ ನೀರು ಎಂಥದ್ದು? ಬೋರಾ, ಕಾವೇರಿಯಾ?" ಎಂದು ಕೇಳಿದ. ಬೀಜ ಮಾರುವವನು ನೀರಿನ ವಿಚಾರ ಕೇಳಿದನೆಂದರೆ, ಆ ಬೀಜ ಹುಟ್ಟಲಿ ಎಂಬ ಆಸೆ ಅವನಿಗಿದೆ. ಅವನ ಮೇಲೆ ನನಗೆ ನಂಬಿಕೆ ಬಂದದ್ದು ಆ ಒಂದು ಪ್ರಶ್ನೆಯಿಂದ.

ಅವನು ಬೀಜ ಕಟ್ಟುವ ರೀತಿಯನ್ನು ನೋಡುವುದೇ ಒಂದು ಸಂತೋಷ. ಡ್ರಾಸೆರಾ ಬೀಜ ಅರ್ಧ ಮಿಲಿಮೀಟರಿನ ಆಸುಪಾಸಿನದು. ಚಿಟಿಕೆಯಷ್ಟು ಸುರಿದರೆ ಹಾಳೆಯ ಮೇಲೆ ಕಾಫಿಪುಡಿ ಚೆಲ್ಲಿದ ಹಾಗಿರುತ್ತದೆ. ಅದನ್ನು ನೇರವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಕವರಿನ ಮೈಗೆ ಅಂಟಿಕೊಂಡು ಹೊರಬರುವುದೇ ಇಲ್ಲ. ಅದಕ್ಕೇ ಅವನು ನುಣುಪು ಕಾಗದದಲ್ಲಿ ಮಡಚಿ, ಆ ಪೊಟ್ಟಣವನ್ನು ಜಿಪ್ ಕವರಿನಲ್ಲಿಟ್ಟು, ಅಂಚೆಯ ಮೊಹರಿನ ಪೆಟ್ಟಿಗೆ ಬೀಜ ಜಜ್ಜಿಹೋಗದಂತೆ ಎರಡು ರಟ್ಟಿನ ನಡುವೆ ಇಟ್ಟು ಕಳಿಸುತ್ತಾನೆ. ಪೊಟ್ಟಣದ ಮೇಲೆ ಗಿಡದ ಹೆಸರು, ಕೊಯ್ದ ತಿಂಗಳು. ಈ ತಿಂಗಳು ಬಹಳ ಮುಖ್ಯ. ನೆಪೆಂಥಿಸ್ ಬೀಜ ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಫ್ಲೈಟ್ರ್ಯಾಪ್ ಬೀಜವೂ ಹೊರಗಿಟ್ಟರೆ ಬೇಗ ಮುಪ್ಪಾಗುತ್ತದೆ, ಒಣದಾಗಿ ಫ್ರಿಜ್ಜಿನಲ್ಲಿಟ್ಟರೆ ಬಾಳುತ್ತದೆ. ಕೊಯ್ದ ಕಾಲ ಬರೆಯದ ಪೊಟ್ಟಣವನ್ನು ನಾನು ಕೊಳ್ಳುವುದಿಲ್ಲ.

ಅಂತರ್ಜಾಲದ ಅಂಗಡಿಗಳಲ್ಲಿ ನೀಲಿ ಫ್ಲೈಟ್ರ್ಯಾಪ್, ಕಾಮನಬಿಲ್ಲಿನ ಏಳೂ ಬಣ್ಣದ ಹೂಜಿ ಎಂದು ಚಿತ್ರ ಹಾಕಿ ನೂರು ಬೀಜಕ್ಕೆ ಇಷ್ಟು ಎಂದು ಮಾರುವವರಿದ್ದಾರೆ. ನೀಲಿ ಫ್ಲೈಟ್ರ್ಯಾಪ್ ಎಂಬುದು ಲೋಕದಲ್ಲೇ ಇಲ್ಲ. ಮಕ್ಕಳು ಕೂಡಿಟ್ಟ ದುಡ್ಡಿನಲ್ಲಿ ತರಿಸಿಕೊಂಡು, ಯಾವುದೋ ಹುಲ್ಲಿನ ಬೀಜಕ್ಕೆ ತಿಂಗಳುಗಟ್ಟಲೆ ನೀರು ಹಾಕುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಮೋಸದಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಬೀಜವನ್ನು ಗುರುತಿಸಲು ಕಲಿಯುವುದು. ಫ್ಲೈಟ್ರ್ಯಾಪಿನದು ಕಪ್ಪಗೆ ಹೊಳೆಯುತ್ತದೆ, ಒಂದು ತುದಿ ತುಸು ಚೂಪು, ಒಂದೆರಡು ಮಿಲಿಮೀಟರ್ ಉದ್ದ. ಅಮೆರಿಕದ ಹೂಜಿಗಿಡವಾದ ಸಾರಸೀನಿಯಾದ್ದು ತಿಳಿಗಂದು, ಮೈ ಒರಟು, ನೀರಿಗೆ ಹಾಕಿದರೆ ತೇಲುತ್ತದೆ, ಏಕೆಂದರೆ ಅದಕ್ಕೆ ಮೇಣದ ಲೇಪವಿದೆ. ನೆಪೆಂಥಿಸ್ಸಿನದು ಬೀಜವೆಂದೇ ಅನ್ನಿಸುವುದಿಲ್ಲ: ಸಣ್ಣ ನೂಲಿನ ಎಳೆ, ನಡುವೆ ಉಬ್ಬಿದ ಒಂದು ಚುಕ್ಕಿ. ಆ ಚುಕ್ಕಿಯೇ ಜೀವ, ಎರಡು ಕಡೆಯ ಎಳೆ ಗಾಳಿಯಲ್ಲಿ ಹಾರಲು. ಚುಕ್ಕಿ ಇಲ್ಲದ ಎಳೆ ಬರೀ ಜೊಳ್ಳು. ಇನ್ನೊಂದು ಮಾತು. ಕೆಂಪು ಮೈಯ ಫ್ಲೈಟ್ರ್ಯಾಪ್ ತಳಿ 'ಅಕಾಯ್ ರ್ಯು'ವಿನ ಬೀಜ ಎಂದು ಯಾರಾದರೂ ಮಾರಿದರೆ ನಂಬಬಾರದು. ಅಂಥ ಹೆಸರಿನ ತಳಿಗಳನ್ನು ಗಿಡ ಸೀಳಿ ಅಥವಾ ಅಂಗಾಂಶ ಕೃಷಿಯಿಂದ ಮಾಡಿಕೊಳ್ಳುತ್ತಾರೆ. ಬೀಜದಿಂದ ಹುಟ್ಟಿದ ಮರಿ ತಾಯಿಯ ತದ್ರೂಪಾಗಿರುವುದಿಲ್ಲ. ನನಗೆ ಇದು ಕೊರತೆಯೆಂದು ಅನ್ನಿಸಿಲ್ಲ. ಒಂದೇ ಕಾಯಿಯ ಬೀಜದಿಂದ ಬಂದ ಸಸಿಗಳಲ್ಲಿ ಒಂದು ಹಸಿರು, ಒಂದರ ಒಳಬಾಯಿ ಕೆಂಪು, ಒಂದು ಕುಳ್ಳು. ಪ್ರತಿಯೊಂದೂ ಹೊಸ ಗಿಡ.

ದೂರದೂರಿಂದ ಬೀಜ ಜೀವಂತವಾಗಿ ಬರುವಂತೆ ಮಾಡುವುದು ಹೇಗೆ ಎಂಬ ಚಿಂತೆ ಫ್ಲೈಟ್ರ್ಯಾಪಿನ ಇತಿಹಾಸದ ಜೊತೆಗೇ ಹೆಣೆದುಕೊಂಡಿದೆ. ಲಂಡನ್ನಿನ ವ್ಯಾಪಾರಿಯೂ ನಿಸರ್ಗ ವಿಜ್ಞಾನಿಯೂ ಆಗಿದ್ದ ಜಾನ್ ಎಲ್ಲಿಸ್ 1770ರಲ್ಲಿ ಒಂದು ಸಣ್ಣ ಪುಸ್ತಕ ಹೊರತಂದ. ಪೂರ್ವದ ದೇಶಗಳಿಂದ ಹಡಗಿನಲ್ಲಿ ಬೀಜ ಮತ್ತು ಗಿಡಗಳನ್ನು ಮೊಳೆಯುವ ಸ್ಥಿತಿಯಲ್ಲೇ ತರುವುದು ಹೇಗೆ ಎಂದು ಹೇಳುವ ಕೈಪಿಡಿ ಅದು. ತಿಂಗಳುಗಟ್ಟಲೆ ಸಮುದ್ರದ ಉಪ್ಪುಗಾಳಿ, ಹಡಗಿನ ಹೊಟ್ಟೆಯ ಸೆಕೆ, ಇಲಿಗಳ ಕಾಟ ಎಲ್ಲವನ್ನೂ ದಾಟಿಸಬೇಕು. ಅದೇ ಪುಸ್ತಕದ ಕೊನೆಗೆ ಅವನು ಹೊಸದೊಂದು ಗಿಡದ ಚಿತ್ರ ಮತ್ತು ವರ್ಣನೆ ಸೇರಿಸಿದ. ಅದು ಡಯೋನಿಯಾ ಮಸಿಪುಲಾ, ಅಂದರೆ ನಮ್ಮ ವೀನಸ್ ಫ್ಲೈಟ್ರ್ಯಾಪ್. ಬೀಜ ಸಾಗಿಸುವ ಕೈಪಿಡಿಯ ಜೊತೆ ಬಂದ ಗಿಡ ಇವತ್ತಿಗೂ ಪೊಟ್ಟಣದಲ್ಲೇ ಊರೂರು ಸುತ್ತುತ್ತಿದೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಅಮೆರಿಕದಲ್ಲಿ ಈ ಗಿಡಗಳ ಪ್ರಿಯರು 1972ರಲ್ಲಿ ಪುಟ್ಟ ಪತ್ರಿಕೆಯೊಂದನ್ನು ಶುರುಮಾಡಿದರು. ಅದರಿಂದ ಬೆಳೆದ ಇಂಟರ್‌ನ್ಯಾಷನಲ್ ಕಾರ್ನಿವೋರಸ್ ಪ್ಲಾಂಟ್ ಸೊಸೈಟಿಗೆ ಒಂದು ಬೀಜ ಬ್ಯಾಂಕಿದೆ. ಬೆಳೆಗಾರರು ತಮ್ಮ ಗಿಡದ ಬೀಜವನ್ನು ಅದಕ್ಕೆ ಕೊಡುತ್ತಾರೆ, ಬೇಕಾದ ಸದಸ್ಯರು ತರಿಸಿಕೊಳ್ಳುತ್ತಾರೆ.

ಬೀಜ ಬಂತು, ಇನ್ನು ಮಣ್ಣು. ನನ್ನ ಅಮ್ಮ ಉಡುಪಿ ಕಡೆಯವಳು. ಹಟ್ಟಿಗೊಬ್ಬರ, ಸುಡುಮಣ್ಣು ಕೊಟ್ಟು ಮಲ್ಲಿಗೆ ಬೆಳೆಸಿದ ಕೈ ಅವಳದು. ನಾನು ಕುಂಡಕ್ಕೆ ಪೀಟ್ ಮತ್ತು ತೊಳೆದ ಬಿಳಿ ಮರಳನ್ನು ಬಿಟ್ಟು ಬೇರೇನೂ ಹಾಕದೆ ಇರುವುದನ್ನು ನೋಡಿ, "ಗೊಬ್ಬರ ಇಲ್ಲದೆ ಏಳ್ತದಾ ಮಗಾ ಇದು?" ಎಂದಳು. "ಗೊಬ್ಬರ ಹಾಕಿದ್ರೆ ಸಾಯ್ತದೆ ಅಮ್ಮ" ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಬರುವುದು ಕಷ್ಟವೇ. ನಾವು ಕಲಿತ ಕೃಷಿಯೆಲ್ಲ ನೆಲವನ್ನು ಸಾಕುವ ಕೃಷಿ. ಈ ಗಿಡಗಳು ಬೆಳೆದು ಬಂದದ್ದು ಜೌಗಿನಲ್ಲಿ, ಮಳೆ ಸತ್ವವನ್ನೆಲ್ಲ ತೊಳೆದುಕೊಂಡು ಹೋದ ಹುಳಿ ಮಣ್ಣಿನಲ್ಲಿ. ಅಲ್ಲಿ ಸಾರಜನಕವೂ ರಂಜಕವೂ ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆ ತುಂಬಿಸಿಕೊಳ್ಳಲೆಂದೇ ಎಲೆ ಬೇಟೆ ಕಲಿತದ್ದು. ಬೇರು ನೀರು ಹೀರುವುದಕ್ಕೆ ಮತ್ತು ಗಿಡವನ್ನು ಹಿಡಿದು ನಿಲ್ಲಿಸುವುದಕ್ಕೆ ಇದೆ. ಕೊಟ್ಟಿಗೆ ಗೊಬ್ಬರದ ಲವಣ ತಾಕಿದರೆ ಸುಟ್ಟುಹೋಗುತ್ತದೆ.

ನೀರಿನದೂ ಅದೇ ಕಥೆ. ನೀರಿನಲ್ಲಿ ಕರಗಿದ ಲವಣ, ಅಂದರೆ ಟಿಡಿಎಸ್, ಐವತ್ತರ ಒಳಗಿರಬೇಕು ಎಂಬುದು ಬೆಳೆಗಾರರ ಲೆಕ್ಕ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಅದು ಹಲವು ನೂರು ದಾಟುವುದು ಸಾಮಾನ್ಯ. ಹಾಗಾಗಿ ಮಳೆಯೇ ಗತಿ. ಮೊದಲ ಮಳೆಯ ಧೂಳುನೀರನ್ನು ಹರಿಯಬಿಟ್ಟು ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿ ಮುಚ್ಚಿಡುತ್ತೇನೆ. ಅದು ಮುಗಿದ ಮೇಲೆ ಆರ್‌ಒ ನೀರು. ಪೀಟ್ ಎಂಬುದು ತಂಪು ದೇಶಗಳ ಜೌಗಿನಲ್ಲಿ ಸಾವಿರಾರು ವರ್ಷ ಕೂಡಿದ ಪಾಚಿಯ ಪದರ. ಅದನ್ನು ಅಗೆದು ತರುವುದೆಂದರೆ ಇವೇ ಗಿಡಗಳ ಬಂಧುಗಳ ಮನೆಯನ್ನು ಅಗೆದಂತೆ ಎಂಬ ಕಸಿವಿಸಿ ನನಗಿದೆ. ಅದಕ್ಕೆ ಡ್ರಾಸೆರಾಗಳಿಗೆ ತುಮಕೂರು ಕಡೆಯ ಕೋಕೊಪೀಟನ್ನೇ ಬಳಸುತ್ತೇನೆ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶವಿರುವುದರಿಂದ ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ನೀರು ಬದಲಿಸಿ, ಹಿಂಡಿದ ನೀರಿಗೆ ಮೀಟರ್ ಅದ್ದಿ ನೋಡಬೇಕು. ಅಂಕಿ ಇಳಿಯುವ ತನಕ ತೊಳೆಯಬೇಕು. ತೋಳು ನೋಯುತ್ತದೆ, ಆದರೆ ಗಿಡ ಒಪ್ಪಿಕೊಳ್ಳುತ್ತದೆ.

ಬಿತ್ತನೆ ಅಂದರೆ ಇಲ್ಲಿ ಹೂಳುವುದಲ್ಲ. ಪೊಟ್ಟಣದ ಕಾಗದವನ್ನು ನಡುವೆ ಮಡಚಿ, ಆ ಗೆರೆಯುದ್ದಕ್ಕೂ ಬೀಜವನ್ನು ಜಾರಿಸುತ್ತ, ಕುಂಡದ ಒಂದು ಗೇಣು ಮೇಲಿನಿಂದ ಬೆರಳಿನಲ್ಲಿ ಮೆಲ್ಲಗೆ ತಟ್ಟಬೇಕು. ಫ್ಯಾನ್ ಆರಿಸಿರಬೇಕು, ಉಸಿರೂ ಬಿಗಿಹಿಡಿದಿರಬೇಕು. ಬಿದ್ದ ಬೀಜದ ಮೇಲೆ ಮಣ್ಣು ಮುಚ್ಚಬಾರದು, ಅದಕ್ಕೆ ಬೆಳಕು ಬೇಕು. ಮೇಲಿನಿಂದ ನೀರು ಹೊಯ್ದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಕುಂಡವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ಮಣ್ಣೇ ಕೆಳಗಿನಿಂದ ಹೀರಿಕೊಳ್ಳುತ್ತದೆ. ಮೇಲೆ ತೆಳು ಪ್ಲಾಸ್ಟಿಕ್, ಬೆಳಗಿನ ಬೆಳಕು ಬೀಳುವ ಜಾಗ. ದಕ್ಷಿಣ ಆಫ್ರಿಕಾದ ಡ್ರಾಸೆರಾ ಕೇಪೆನ್ಸಿಸ್‌ಗೆ ಎರಡರಿಂದ ನಾಲ್ಕು ವಾರ ಸಾಕು. ಹೊಸಬರು ಅದರಿಂದಲೇ ಶುರುಮಾಡಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತನ್ನ ಹೂವಿಗೆ ತಾನೇ ಪರಾಗ ತಾಕಿಸಿಕೊಂಡು ರಾಶಿ ಬೀಜ ಬಿಡುವ, ಬೆಂಗಳೂರಿನ ಹವೆಗೆ ಒಗ್ಗುವ, ಸಣ್ಣಪುಟ್ಟ ಲೋಪ ಸಹಿಸುವ ಗಿಡ ಅದು.

ಮೊಳೆತದ್ದನ್ನು ನೋಡಲು ಭೂತಗನ್ನಡಿ ಬೇಕು. ಮೊದಲು ಎರಡು ಬೀಜದೆಲೆ, ಎಲ್ಲ ಸಸಿಗಳಂತೆಯೇ. ಅದರ ನಡುವಿನಿಂದ ಬರುವ ಮೊದಲ ನಿಜವಾದ ಎಲೆಯಲ್ಲೇ ಕೆಂಪು ರೋಮಗಳಿರುತ್ತವೆ, ಒಂದೊಂದರ ತುದಿಗೂ ಅಂಟಿನ ಹನಿ ಇರುತ್ತದೆ. ಗುಂಡುಸೂಜಿಯ ತಲೆಗಿಂತ ಕಿರಿದಾದ ಆ ಎಲೆ ಬೇಟೆಗೆ ಸಿದ್ಧ! ಫ್ಲೈಟ್ರ್ಯಾಪ್ ಸಸಿಯದೂ ಹಾಗೆಯೇ: ಬೀಜದೆಲೆಯ ನಂತರದ ಎಲೆಯೇ ಹಲ್ಲುಳ್ಳ ಪುಟ್ಟ ಬಲೆ, ತಾಕಿದರೆ ಮುಚ್ಚುತ್ತದೆ. ನೆಪೆಂಥಿಸ್ ಮತ್ತು ಸಾರಸೀನಿಯಾ ಮರಿಗಳು ಮೊದಲ ಎಲೆಯನ್ನೇ ಹೂಜಿಯಾಗಿ ಬಿಡುತ್ತವೆ. ಬಾಲ್ಯದಲ್ಲಿ ಸಾದಾ ಗಿಡವಾಗಿದ್ದು ದೊಡ್ಡದಾದ ಮೇಲೆ ಬೇಟೆ ಕಲಿಯುವ ಪೈಕಿಯಲ್ಲ ಇವು. ಈ ಮರಿಗಳಿಗೆ ಮಣ್ಣಿನ ಮೇಲೆ ಕುಪ್ಪಳಿಸುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳೇ ಆಹಾರ. ಅವು ಇಲ್ಲದಿದ್ದರೆ ಮೀನಿನ ಆಹಾರವನ್ನು ನುಣ್ಣಗೆ ಅರೆದು ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಕಣ ಡ್ರಾಸೆರಾ ಮರಿಗೆ ಕೊಡಬಹುದು. ಹೆಚ್ಚಾದರೆ ಬೂಸಲು ಬರುತ್ತದೆ.

ಹೀಗೆ ಉಣಿಸುವುದರಿಂದ ಪ್ರಯೋಜನವಿದೆಯೇ ಎಂಬುದು ಒಂದು ಕಾಲಕ್ಕೆ ದೊಡ್ಡ ವಾದವಾಗಿತ್ತು. ಚಾರ್ಲ್ಸ್ ಡಾರ್ವಿನ್ 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸಿನಲ್ಲಿ ಡ್ರಾಸೆರಾ ಎಲೆಯ ಮೇಲೆ ಹುಳಗಳು ಅಂಟಿರುವುದನ್ನು ಕಂಡು, ಮುಂದಿನ ವರ್ಷಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಗಾಜಿನ ಚೂರು ಏನೇನನ್ನೋ ಇಟ್ಟು ಪರೀಕ್ಷಿಸಿದ. ಕೀಟಾಹಾರಿ ಸಸ್ಯಗಳ ಬಗೆಗಿನ ಅವನ ಪುಸ್ತಕ 1875ರಲ್ಲಿ ಬಂತು. ಎಲೆ ಅರಗಿಸಿಕೊಳ್ಳುತ್ತದೆ, ಸರಿ, ಆದರೆ ಅದರಿಂದ ಗಿಡಕ್ಕೆ ಲಾಭವೇನು ಎಂದು ಕೆಲವರು ಕೇಳಿದರು. ಉತ್ತರ ಕೊಟ್ಟದ್ದು ಅವನ ಮಗ ಫ್ರಾನ್ಸಿಸ್. ಒಂದಿಷ್ಟು ಡ್ರಾಸೆರಾಗಳಿಗೆ ಹುರಿದ ಮಾಂಸದ ಸಣ್ಣ ಚೂರು ಕೊಟ್ಟು, ಉಳಿದವಕ್ಕೆ ಹುಳ ತಾಕದಂತೆ ಉಪವಾಸ ಕೆಡವಿ, ಹೋಲಿಸಿ ನೋಡಿದ. ಎಲೆಗಳಲ್ಲಿ ಕಂಡ ವ್ಯತ್ಯಾಸಕ್ಕಿಂತ ದೊಡ್ಡದು ಬೀಜದಲ್ಲಿ ಕಂಡಿತು: ಉಂಡ ಗಿಡಗಳ ಬೀಜ ಉಪವಾಸದ ಗಿಡಗಳದ್ದರ ಎರಡು ಪಟ್ಟಿಗಿಂತ ಹೆಚ್ಚು. 1878ರ ಈ ಪ್ರಯೋಗವನ್ನು ಓದಿದಾಗಿನಿಂದ ನನ್ನ ಕಣ್ಣಿಗೆ ಬಾಯಿ ಮತ್ತು ಬೀಜ ಬೇರೆಬೇರೆಯಾಗಿ ಕಂಡಿಲ್ಲ. ಹಿಡಿದ ಸೊಳ್ಳೆ ಹೋಗಿ ಸೇರುವುದು ಬೀಜವನ್ನೇ.

ಮತ್ತೆ ಮೊಳಕೆಯ ಮಾತಿಗೆ ಬಂದರೆ, ಸಾರಸೀನಿಯಾ ಡ್ರಾಸೆರಾದಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದ ಗಿಡ ಅದು. ಅದರ ಒಂದು ಜಾತಿ ಹಿಮ ಬೀಳುವ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತದ ಲಾಂಛನದ ಹೂವು. ಬೀಜ ಉದುರುವುದು ಚಳಿಗಾಲಕ್ಕೆ ಸ್ವಲ್ಪ ಮೊದಲು. ಬಿದ್ದ ಕೂಡಲೇ ಮೊಳೆತರೆ ಮುಂದಿನ ಹಿಮಕ್ಕೆ ಎಳೆಯ ಸಸಿ ಸಾಯುತ್ತದೆ. ಆದ್ದರಿಂದ ವಾರಗಟ್ಟಲೆ ಒದ್ದೆ ಚಳಿ ಅನುಭವಿಸಿ, ಚಳಿಗಾಲ ಕಳೆಯಿತು ಎಂದು ಖಾತ್ರಿಯಾದ ಮೇಲೆಯೇ ಅದು ಕಣ್ಣು ತೆರೆಯುತ್ತದೆ. ಬೆಂಗಳೂರಿನ ಡಿಸೆಂಬರು ಅದಕ್ಕೆ ಚಳಿಯೇ ಅಲ್ಲ. ನಮ್ಮ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಒಂದು ಸಣ್ಣ ಡಬ್ಬಿ. ಒಳಗೆ ಒದ್ದೆ ಪಾಚಿ, ಪಾಚಿಯ ನಡುವೆ ಬೀಜ. ನಾಲ್ಕರಿಂದ ಆರು ವಾರ ಹಾಗೇ ಇಡಬೇಕು, ಫ್ರೀಜರಿನಲ್ಲಲ್ಲ. ಅಚ್ಚರಿಯೆಂದರೆ ಅದೇ ಜೌಗಿನಲ್ಲಿ ಅದರ ನೆರೆಯಲ್ಲೇ ಬೆಳೆಯುವ ಫ್ಲೈಟ್ರ್ಯಾಪಿಗೆ ಈ ಚಳಿ ಬೇಕೇ ಬೇಕೆಂದಿಲ್ಲ. ಅದು ಬೇಸಿಗೆಯ ನಡುವೆಯೇ ಬೀಜ ಉದುರಿಸುತ್ತದೆ, ಮರಿಗೆ ಬೇರು ಬಿಡಲು ಕಾಲವಿರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಕೀಟಾಹಾರಿ ಗಿಡ ಬಿಬ್ಲಿಸ್ ಜೈಜ್ಯಾಂಟಿಯಾದ ಬೀಜ ಕಾದಿರುವುದು ಕಾಡ್ಗಿಚ್ಚಿಗೆ. ಬೆಂಕಿ ಹಾದು ನೆಲ ಬರಿದಾದರೆ ಬಿಸಿಲಿಗೆ ಅಡ್ಡ ಬರುವವರಿರುವುದಿಲ್ಲ. ಹೊಗೆಯೇ ಅದಕ್ಕೆ ಕರೆ. ಬೆಳೆಗಾರರು ಕುಂಡದ ಮೇಲೆ ಒಣ ಎಲೆ ಸುಡುತ್ತಾರೆ, ಇಲ್ಲವೇ ಜಿಬ್ಬರೆಲಿಕ್ ಆಮ್ಲದಲ್ಲಿ ಬೀಜ ನೆನೆಸುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಗೊನೆ ಉದ್ದವಾಗಲೆಂದು ಹೊಡೆಯುವ ಜಿಎ ಇದೇ.

ವಿದೇಶದ ಬೀಜವನ್ನು ಲಕೋಟೆಯಲ್ಲಿ ಹಾಗೇ ತರಿಸಿಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ದೇಶದ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಆಮದಿನ ಅನುಮತಿಯೂ ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದನ್ನು ಬರೀ ಕಾಗದಪತ್ರದ ತಕರಾರೆಂದು ತಳ್ಳಿಹಾಕುವುದು ಸರಿಯಲ್ಲ. 2020ರಲ್ಲಿ ಯಾರೂ ಕೇಳದ ಬೀಜದ ಪೊಟ್ಟಣಗಳು ಅಮೆರಿಕದ ಮನೆಮನೆಗೆ ಬರತೊಡಗಿದಾಗ ನಮ್ಮ ಕೃಷಿ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತು. ಒಂದು ಕಾಗದದ ಮಡಿಕೆಯಲ್ಲಿ ಬರುವ ರೋಗ ಒಂದು ಜಿಲ್ಲೆಯ ಬೆಳೆಯನ್ನೇ ಮುಗಿಸಬಲ್ಲದು. ದೇಶದೊಳಗಿನ ಬೆಳೆಗಾರರಲ್ಲೇ ಬೇಕಾದಷ್ಟು ಜಾತಿಗಳಿವೆ. ಹಾಗೆಂದು ನಮ್ಮವೇ ಗಿಡಗಳನ್ನೆಲ್ಲ ಮಾರಬಹುದೆಂದೂ ಅಲ್ಲ. ಮೇಘಾಲಯದ ನೆಪೆಂಥಿಸ್ ಖಾಸಿಯಾನಾ ಭಾರತದ ಒಂದೇ ಒಂದು ನೆಪೆಂಥಿಸ್. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿದ ಕೆಲವೇ ಸಸ್ಯಗಳಲ್ಲಿ ಅದೂ ಒಂದು. ಗಾರೋ ಬೆಟ್ಟದ ಬಾಗ್ಮಾರಾದಲ್ಲಿ ಅದಕ್ಕೆಂದೇ ರಕ್ಷಿತ ತಾಣವಿದೆ. ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆಯಾದ್ದರಿಂದ ಎರಡೂ ಹತ್ತಿರದಲ್ಲಿ ಹೂಬಿಟ್ಟರೆ ಮಾತ್ರ ಬೀಜ. ಕಾಡಿನಿಂದ ಒಂದು ಹೆಣ್ಣು ಗಿಡ ಕಿತ್ತರೆ ಹೋಗುವುದು ಬರೀ ಒಂದು ಗಿಡವಲ್ಲ.

ಫ್ಲೈಟ್ರ್ಯಾಪಿನ ಸ್ಥಿತಿ ಇನ್ನೂ ನಾಜೂಕು. ಇಡೀ ಜಗತ್ತಿನಲ್ಲಿ ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಕರಾವಳಿಯ ಒಂದು ತುಂಡು, ವಿಲ್ಮಿಂಗ್ಟನ್ ಊರಿನ ಆಸುಪಾಸು. ರಾತ್ರಿ ಹೊತ್ತು ನುಗ್ಗಿ ಚೀಲಗಟ್ಟಲೆ ಕಿತ್ತು ಮಾರುವವರ ಹಾವಳಿ ಹೆಚ್ಚಾಗಿ, 2014ರ ಡಿಸೆಂಬರಿನಿಂದ ಉತ್ತರ ಕೆರೊಲಿನಾದಲ್ಲಿ ಹಾಗೆ ಕದ್ದು ಕೀಳುವುದು ಘೋರ ಅಪರಾಧವಾಯಿತು. ಬೀಜದಿಂದ ಪೂರ್ತಿ ಬೆಳೆದ ಫ್ಲೈಟ್ರ್ಯಾಪ್ ಆಗಲು ಮೂರರಿಂದ ಐದು ವರ್ಷ ಬೇಕು. ಕಿತ್ತು ತರಲು ಒಂದು ರಾತ್ರಿ ಸಾಕು. ನಾನು ಬೀಜದ ಪರ ಇಷ್ಟು ವಕಾಲತ್ತು ಮಾಡುವುದು ಇದಕ್ಕಾಗಿ. ಒಂದು ಕಾಯಿಯ ಬೀಜ ಹತ್ತು ಮನೆಗೆ ಹೋದರೂ ತಾಯಿಗಿಡ ಇದ್ದಲ್ಲೇ ಇರುತ್ತದೆ.

ಶಿರಸಿಯ ಹುಡುಗ ಒಂದು ಸಲ ಡ್ರಾಸೆರಾ ಬರ್ಮಾನ್ನಿಯ ಪೊಟ್ಟಣ ಕಳಿಸಿದ. ಬಂದ ಸಸಿಗಳು ನೆಲಕ್ಕೆ ಒತ್ತಿಕೊಂಡು ಕೆಂಪು ಚಕ್ರದಂತೆ ಹರಡಿದಾಗ ಅಮ್ಮ ಬಗ್ಗಿ ನೋಡಿ, "ಇದು ನಮ್ಮ ಪದವಿನಲ್ಲಿ ಉಂಟಲ್ಲ! ದನ ಮೇಯಿಸ್ಲಿಕ್ಕೆ ಹೋದಾಗ ಕಾಲಡಿಯೇ ಇರ್ತಿತ್ತು" ಎಂದಳು. ಹೌದು, ಕರಾವಳಿಯ ಮುರಕಲ್ಲಿನ ಬಯಲುಗಳಾದ ಪದವುಗಳಲ್ಲಿ ಮಳೆಗಾಲ ಮುಗಿಯುತ್ತ ಬಂದಂತೆ ಬರ್ಮಾನ್ನಿಯೂ ಡ್ರಾಸೆರಾ ಇಂಡಿಕಾವೂ ಮೇಲೇಳುತ್ತವೆ. ಪಕ್ಕದಲ್ಲೇ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ. ಮಣ್ಣೊಳಗಿನ ಕಣ್ಣಿಗೆ ಕಾಣದ ಚೀಲಗಳಲ್ಲಿ ಅದು ಬೇಟೆ ಹಿಡಿಯುತ್ತದೆ. ಮಣ್ಣೇ ಇಲ್ಲವೆನ್ನುವಷ್ಟು ತೆಳುವಾದ ಪದರ, ನಾಲ್ಕು ತಿಂಗಳು ಮಳೆ ತೊಳೆದ ಕಲ್ಲು: ಈ ಗಿಡಗಳಿಗೆ ಹೇಳಿ ಮಾಡಿಸಿದ ಜಾಗ. ಬೇಸಿಗೆಗೆ ಅದೇ ಕಲ್ಲು ಕಾದು ಹೆಂಚಾದಾಗ ಡ್ರಾಸೆರಾದ ಒಂದೆಲೆಯೂ ಉಳಿಯುವುದಿಲ್ಲ. ಅಲ್ಲಿ ಅವು ಒಂದೇ ಮಳೆಗಾಲದ ಆಯುಷ್ಯದವು. ಆಗ ಪದವಿನಲ್ಲಿರುವ ಡ್ರಾಸೆರಾ ಎಂದರೆ ಬಿರುಕುಗಳಲ್ಲಿ ಬಿದ್ದಿರುವ ಬೀಜ ಅಷ್ಟೆ. "ಪಾಳು ಜಾಗ" ಎಂದು ಅಲ್ಲಿ ಕಲ್ಲು ಕೊರೆಯುವವರಿಗೆ, ಕಟ್ಟಡ ಎಬ್ಬಿಸುವವರಿಗೆ ಏಪ್ರಿಲ್ ತಿಂಗಳಲ್ಲಿ ಏನೂ ಕಾಣುವುದಿಲ್ಲ. ಸೆಪ್ಟೆಂಬರಿನಲ್ಲಿ ಒಮ್ಮೆ ಬಂದು ಮಂಡಿಯೂರಿ ನೋಡಬೇಕು ಅವರು.

ಬರ್ಮಾನ್ನಿ ಕೆಲವೇ ತಿಂಗಳಲ್ಲಿ ಹೂಬಿಟ್ಟು ಕಾಯಾಯಿತು. ಬೀಜವನ್ನು ಕಾಗದಕ್ಕೆ ತಟ್ಟಿಕೊಂಡು ಒಂದಷ್ಟು ಶಿರಸಿಗೆ ಮರಳಿ ಕಳಿಸಿದೆ, ಒಂದು ಪೊಟ್ಟಣ ಹುಬ್ಬಳ್ಳಿಯ ಗೆಳತಿಗೆ. ಮೊನ್ನೆ ಅವಳ ಫೋನು. "ಸಣ್ಣಗೆ ಹಸಿರು ಚುಕ್ಕಿ ಬಂದಾವ ನೋಡು. ಈಗ ಏನ್ ಹಾಕ್ಲಿ?" ಎಂದು ಕೇಳಿದಳು. ಏನೂ ಹಾಕಬೇಡ, ತಟ್ಟೆಯ ನೀರು ಆರದ ಹಾಗೆ ಮಾತ್ರ ನೋಡಿಕೋ ಎಂದೆ.